ಹಬ್ಬ ಬಂತು, ಗಂಟೆ ತಪ್ಪಿತು: ಒಬ್ಬ ಹುಡುಗನ ಪ್ರಕರಣ

ಹುಡುಗ ಬೆಂಚಿನ ಕೆಳಗೆ ಹೋಗಿ ಕೂತಿದ್ದು ಹಬ್ಬದ ಕಾರ್ಯಕ್ರಮದ ದಿನ ಅಲ್ಲ. ಅದಕ್ಕೆ 9 ದಿನ ಮುಂಚೆ, ಒಂದು ಮಂಗಳವಾರ ಬೆಳಗ್ಗೆ 10.20ಕ್ಕೆ. ಆಗ ಮೈಕ್ ಇರಲಿಲ್ಲ, ಹಾಡು ಇರಲಿಲ್ಲ. ಕ್ಲಾಸು ತಣ್ಣಗಿತ್ತು. ಮಿಸ್ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಬಾಗಿಲಲ್ಲಿ ಯಾರೋ ಬಂದು, "ಡ್ಯಾನ್ಸ್ ಮಕ್ಕಳನ್ನ ಕಳಿಸಿ ಮಿಸ್" ಅಂದರು. ಅರ್ಧ ಕ್ಲಾಸು ಎದ್ದಿತು. ಇವನ ಹೆಸರೂ ಡ್ಯಾನ್ಸ್ ಪಟ್ಟಿಯಲ್ಲಿತ್ತು, ಹಿಂದಿನ ಸಾಲಿನಲ್ಲಿ.

ಇವನು ಏಳಲಿಲ್ಲ. ಪಕ್ಕದವನು ಕೈ ಹಿಡಿದು ಎಳೆದ. ಆಮೇಲೆ ನಡೆದಿದ್ದು ಒಂದೇ ನಿಮಿಷದಲ್ಲಿ. ಕುರ್ಚಿ ಉರುಳಿತು, ಇನ್ನೊಂದು ಮಗುವಿನ ಕಾಲಿಗೆ ತಾಗಿತು. ಇವನು ತನ್ನ ಕೈಯನ್ನೇ ಕಚ್ಚಿಕೊಂಡ. ಬೆಂಚಿನ ಕೆಳಗೆ ಸೇರಿ, ಕಿವಿ ಮುಚ್ಚಿಕೊಂಡು, 40 ನಿಮಿಷ ಹೊರಗೆ ಬರಲಿಲ್ಲ.

ಮಧ್ಯಾಹ್ನ ಮೀಟಿಂಗ್ ಆಯಿತು. "ಈಗಲೇ ಹೀಗಾದ್ರೆ ಫಂಕ್ಷನ್ ದಿನ ಏನು ಗತಿ? ಅವತ್ತು ಮನೆಯಲ್ಲೇ ಇಟ್ಕೊಳ್ಳಿ ಅಂತ ಹೇಳೋಣ್ವಾ?" ಎಂದು ಹಿರಿಯ ಶಿಕ್ಷಕರೊಬ್ಬರು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮಗುವಿಗೆ ಕಷ್ಟ ಆಗುತ್ತಲ್ಲ ಎಂಬ ಕಾಳಜಿ. ಆದರೂ ನನಗೆ ಆ ಮಾತು ಚುಚ್ಚಿತು. ಯಾಕೆಂದರೆ ಫಂಕ್ಷನ್ ದಿನಕ್ಕೆ ನಾನು ಆಗಲೇ ಭರ್ಜರಿ ಪ್ಲಾನ್ ಮಾಡಿಟ್ಟಿದ್ದೆ.

ನಾನು ಆ ಶಾಲೆಯಲ್ಲಿ ಸ್ಪೆಷಲ್ ಎಜುಕೇಟರ್. ಆಟಿಸಂ, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ಸ್ಥಿತಿ), ಡಿಸ್ಲೆಕ್ಸಿಯಾ (ಓದು, ಬರಹದ ತೊಡಕು) ಹೀಗೆ ಮಿದುಳು ಬೇರೆ ರೀತಿಯಲ್ಲಿ ಕೆಲಸ ಮಾಡುವ ಮಕ್ಕಳ ಜೊತೆ ನನ್ನ ಕೆಲಸ. ನ್ಯೂರೋಡೈವರ್ಜೆಂಟ್ ಎನ್ನುವುದು ಇವರೆಲ್ಲರಿಗೂ ಸೇರಿ ಇರುವ ಹೆಸರು. ಮಗುವಿನ ಗುರುತು ಸಿಗದ ಹಾಗೆ ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ.

ಹುಡುಗ ಮತ್ತು ಅವನ ಗಂಟೆ

ವಯಸ್ಸು 8. ಮೂರನೇ ಕ್ಲಾಸು. ಆಟಿಸಂ ಇದೆ ಎಂದು 5ನೇ ವಯಸ್ಸಿನಲ್ಲಿ ಗೊತ್ತಾಗಿತ್ತು. ಚೆನ್ನಾಗಿ ಮಾತಾಡುತ್ತಾನೆ, ಚೆನ್ನಾಗಿ ಓದುತ್ತಾನೆ. ಹಾಗಾಗಿ "ಇವನಿಗೇನು ತೊಂದರೆ?" ಎಂದು ಕೇಳುವವರೇ ಜಾಸ್ತಿ. ಗಾಬರಿಯಾದಾಗ ಮಾತ್ರ ಮಾತು ನಿಂತುಹೋಗುತ್ತದೆ. ಬೇಕೆಂದು ಸುಮ್ಮನಿರುವುದಲ್ಲ. ಬಾಯಿಗೆ ಮಾತು ಬರುವುದೇ ಇಲ್ಲ.

ಅವನಿಗೆ ಶಾಲೆಯ ಗಂಟೆ ಅಂದರೆ ಪ್ರಾಣ. ದಿನಕ್ಕೆ 11 ಸಲ ಗಂಟೆ ಹೊಡೆಯುತ್ತದೆ ಎಂದು ನನಗೆ ಹೇಳಿಕೊಟ್ಟಿದ್ದೇ ಅವನು. ಊಟದ ನಂತರದ ಗಂಟೆ ಯಾವಾಗಲೂ 2 ನಿಮಿಷ ತಡ ಎಂಬುದನ್ನೂ ಅವನೇ ಕಂಡುಹಿಡಿದಿದ್ದ. ಗಂಟೆ ಹೊಡೆಯುವ ಅಟೆಂಡರ್‌ಗೆ ಹೋಗಿ ಹೇಳಿಯೂ ಇದ್ದ. ಅವರು ನಕ್ಕು, "ಆಯ್ತು ಸಾಹೇಬ್ರೆ" ಅಂದಿದ್ದರಂತೆ. ಮರುದಿನವೂ 2 ನಿಮಿಷ ತಡವೇ.

ಇನ್ನು ನನ್ನ ಭರ್ಜರಿ ಪ್ಲಾನ್. ಕಾರ್ಯಕ್ರಮದ ದಿನ ಸದ್ದು ತಡೆಯುವ ಹೆಡ್‌ಫೋನ್. ಸ್ಟೇಜಿನ ಹಿಂದೆ ಒಂದು ಸುಮ್ಮನೆ ಕೂರುವ ಕೋಣೆ. ಜೊತೆಗೆ ನಾನು. ಎಲ್ಲ ಸರಿಯಾಗಿತ್ತು. ಆದರೆ ಎಲ್ಲವೂ ಒಂದೇ ದಿನಕ್ಕೆ. ಅದರ ಹಿಂದಿನ ಮೂರು ವಾರದ ಬಗ್ಗೆ ನನ್ನ ಹಾಳೆಯಲ್ಲಿ ಒಂದು ಸಾಲೂ ಇರಲಿಲ್ಲ.

ರಫ್ ನೋಟ್‌ಬುಕ್‌ನ ಕೊನೆಯ ಪುಟ

ಇಂಥ ಘಟನೆ ಆದಾಗ ನಾವು ಮೂರು ವಿಷಯ ಬರೆದಿಡುತ್ತೇವೆ. ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಎಲ್ಲರೂ ಸುಳ್ಳಿಲ್ಲದೆ ಬರೆದಿದ್ದರು. 'ಮುಂಚೆ' ಎಂಬ ಕಾಲಮ್ಮಿನಲ್ಲಿ ಇದ್ದಿದ್ದು ಇಷ್ಟೇ: ಡ್ಯಾನ್ಸಿಗೆ ಕರೆದರು. ಅದನ್ನೇ ಹಿಡಿದರೆ ಪರಿಹಾರ ಸುಲಭ ಅಲ್ವಾ? ಡ್ಯಾನ್ಸಿನಿಂದ ತೆಗೆದರೆ ಆಯಿತು.

ನನಗೆ ಸಮಾಧಾನ ಆಗಲಿಲ್ಲ. ಹಿಂದಿನ ವಾರ ಇದೇ ಹುಡುಗ ನಾಲ್ಕು ಸಲ ಪ್ರಾಕ್ಟೀಸಿಗೆ ತಾನಾಗಿಯೇ ಹೋಗಿದ್ದ. ತಾಯಿಗೆ ಫೋನ್ ಮಾಡಿದೆ. "ಎರಡು ವಾರದಿಂದ ಮನೆಗೆ ಬಂದವನೇ ಶೂ ಕೂಡ ಬಿಚ್ಚದೆ ಮಲಗಿಬಿಡ್ತಾನೆ ಮೇಡಂ. ಊಟಕ್ಕೆ ಎಬ್ಬಿಸಿದ್ರೆ ಅಳ್ತಾನೆ. ಹುಷಾರಿಲ್ವೇನೋ ಅಂದ್ಕೊಂಡೆ," ಅಂದರು. ಎರಡು ವಾರ. ಅಂದರೆ ಹಬ್ಬದ ತಯಾರಿ ಶುರುವಾದಂದಿನಿಂದ.

ಅವನ ಬ್ಯಾಗಿನಲ್ಲಿ ರಫ್ ನೋಟ್‌ಬುಕ್ ಇತ್ತು. ಅವನನ್ನೇ ಕೇಳಿ, ಅವನ ಮುಂದೆಯೇ ತೆರೆದೆ. ಕೊನೆಯ ಪುಟದಲ್ಲಿ ಒಂದು ಪಟ್ಟಿ. ಅಡ್ಡಕ್ಕೆ 11 ಗಂಟೆಗಳ ಸಮಯ. ಉದ್ದಕ್ಕೆ ತಾರೀಕು. ಗಂಟೆ ಹೊಡೆದರೆ ಸರಿ ಗುರುತು, ಇಲ್ಲದಿದ್ದರೆ ತಪ್ಪು ಗುರುತು. ತಯಾರಿಯ ಮೊದಲ ವಾರ ದಿನಕ್ಕೆ ಎರಡೋ ಮೂರೋ ತಪ್ಪು. ಎರಡನೇ ವಾರ ಆರು, ಏಳು. ಮಂಗಳವಾರದ ಸಾಲಿನಲ್ಲಿ ಮೊದಲ ಮನೆಗೆ ಸರಿ ಗುರುತು. 10.15ರ ಮನೆಯಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಕಾಗದ ಹರಿದಿತ್ತು. ಆಮೇಲೆ ಖಾಲಿ.

ಪ್ರಾಕ್ಟೀಸಿಗೆ ತೊಂದರೆ ಆಗುತ್ತದೆಂದು ಗಂಟೆ ಹೊಡೆಯುವುದನ್ನು ಕಡಿಮೆ ಮಾಡಿದ್ದರು. ಯಾರೂ ಆದೇಶ ಕೊಟ್ಟಿರಲಿಲ್ಲ. ಡ್ಯಾನ್ಸ್ ಮಿಸ್ ಒಂದು ದಿನ ಬೇಡ ಅಂದರು, ಪಿಟಿ ಸರ್ ಇನ್ನೊಂದು ದಿನ ಬೇಡ ಅಂದರು, ಅಟೆಂಡರ್ ಮೂರನೇ ದಿನದಿಂದ ಕೇಳುವುದನ್ನೇ ಬಿಟ್ಟರು. 400 ಮಕ್ಕಳಿರುವ ಶಾಲೆಯಲ್ಲಿ ಇದನ್ನು ಲೆಕ್ಕ ಇಟ್ಟವನು ಒಬ್ಬನೇ.

ಅವನ ಜೊತೆ ಕೂತು ಆ ಎರಡು ವಾರದಲ್ಲಿ ಬದಲಾದದ್ದನ್ನೆಲ್ಲ ಬರೆದೆ. ಲೈಬ್ರರಿ ಪೀರಿಯಡ್ ಎರಡು ಸಲ ಹೋಗಿತ್ತು. ಅವನ ಜಾಗದ ಪಕ್ಕದ ಗೋಡೆಗೆ ಹೊಳೆಯುವ ಕಾಗದದ ಮಾಲೆ, ಅದರ ಮೇಲೆ ಮಿಣುಕುವ ದೀಪ. ಗಣಿತದ ಮಿಸ್ ಬದಲು ಎರಡು ದಿನ ಬೇರೆಯವರು. ಊಟ ಹೊರಗಡೆ, ಯಾಕೆಂದರೆ ಹಾಲ್‌ನಲ್ಲಿ ಸ್ಟೇಜ್ ಕಟ್ಟುತ್ತಿದ್ದರು. ಒಂದೊಂದೂ ಸಣ್ಣದು. ಒಟ್ಟು ಸೇರಿಸಿದರೆ ಅವನ ದಿನವನ್ನು ಹಿಡಿದು ನಿಲ್ಲಿಸಿದ್ದ ಕಂಬಗಳೆಲ್ಲ ಹೋಗಿದ್ದವು. ಡ್ಯಾನ್ಸಿಗೆ ಕರೆದಾಗ ಬಿದ್ದದ್ದು ಕೊನೆಯ ಕಂಬ, ಅಷ್ಟೇ.

ಹಠ ಅಲ್ಲ

ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ಎಂಬ ಪದ ಈಗಿನ ಅರ್ಥದಲ್ಲಿ ಬಳಕೆಗೆ ಬಂತು. ಎಲ್ಲವೂ ಇದ್ದ ಹಾಗೇ ಇರಬೇಕು ಎಂಬ ಆ ಮಕ್ಕಳ ತೀವ್ರ ಆಸೆಯನ್ನು ಅವರು ಆಗಲೇ ಎತ್ತಿ ಹೇಳಿದ್ದರು. ಅದನ್ನು ನಾವು ಇವತ್ತಿಗೂ ಹಠ ಎಂದೇ ಓದುತ್ತೇವೆ. ನನಗೆ ಅದು ಹಠದ ಹಾಗೆ ಕಾಣುವುದಿಲ್ಲ. ಮುಂದಿನ ನಿಮಿಷ ಏನಾಗುತ್ತದೆ ಎಂಬ ಅಂದಾಜು ಸುಲಭಕ್ಕೆ ಸಿಗದಿದ್ದರೆ, ಗೊತ್ತಿರುವುದನ್ನು ಯಾರಾದರೂ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.

ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು ರೋಗನಿರ್ಣಯದ ಕೈಪಿಡಿಯಾದ ಡಿಎಸ್‌ಎಂ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು 2013ರಲ್ಲಿ, ತನ್ನ ಐದನೇ ಆವೃತ್ತಿಯಲ್ಲಿ. ಅದರಿಂದ ಒಂದು ಒಳ್ಳೆಯದಾಯಿತು. ಶಾಲೆಗಳು ಹೆಡ್‌ಫೋನ್ ಇಡಲು ಕಲಿತವು. ಒಂದು ಕೆಟ್ಟದ್ದೂ ಆಯಿತು. ಎಲ್ಲದಕ್ಕೂ ಸದ್ದನ್ನೇ ದೂರುವುದನ್ನು ಕಲಿತೆವು, ನನ್ನನ್ನೂ ಸೇರಿಸಿ.

ಇನ್ನೊಂದು ವಿಚಾರ ಈ ಪ್ರಕರಣಕ್ಕೆ ತುಂಬ ಹತ್ತಿರದ್ದು. ಡೈನಾ ಮರ್ರಿ ಎಂಬ ಸಂಶೋಧಕಿ ಮತ್ತು ಜೊತೆಗಾರರು 2005ರಲ್ಲಿ ಆಟಿಸಂ ಇರುವವರ ಗಮನದ ಬಗ್ಗೆ ಮಾನೋಟ್ರೊಪಿಸಂ ಎಂಬ ವಾದ ಮುಂದಿಟ್ಟರು. ಅವರ ಗಮನ ಹತ್ತು ಕಡೆ ಹರಡುವುದಿಲ್ಲ, ಒಂದೇ ಕಡೆ ಆಳವಾಗಿ ಇಳಿಯುತ್ತದೆ ಎಂಬುದು ಅದರ ತಿರುಳು. ಆಳಕ್ಕೆ ಇಳಿದವನನ್ನು ಥಟ್ಟನೆ ಮೇಲಕ್ಕೆ ಎಳೆದರೆ ಉಸಿರು ಕಟ್ಟುತ್ತದೆ. ಲೆಕ್ಕದ ಮಧ್ಯೆ ಕೈ ಹಿಡಿದು ಎಳೆದಾಗ ಆಗಿದ್ದು ಅದೇ. ಗಂಟೆ ಹೊಡೆದಿದ್ದರೆ ಅದು ಮೇಲೆ ಬರುವುದಕ್ಕೆ ಸಿಗುವ ಸೂಚನೆ.

ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬರು ಕೇಳಿದರು: "ಹಠಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ?" ಒಳ್ಳೆಯ ಪ್ರಶ್ನೆ. ಹಠ ಮಾಡುವ ಮಗುವಿಗೆ ಏನೋ ಬೇಕಿರುತ್ತದೆ. ಅದು ನಡುವೆ ಒಮ್ಮೆ ನಮ್ಮ ಮುಖ ನೋಡುತ್ತದೆ. ಬೇಕಾದ್ದು ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್ ಆದ, ಅಂದರೆ ತಡೆದುಕೊಳ್ಳುವ ಶಕ್ತಿಯೇ ಮುಗಿದು ಹಿಡಿತ ತಪ್ಪಿದ ಮಗುವಿಗೆ ಏನು ಕೊಟ್ಟರೂ ನಿಲ್ಲಿಸಲು ಆಗುವುದಿಲ್ಲ. ಆಗ ಬುದ್ಧಿ ಹೇಳಿದರೆ ಅದು ಇನ್ನೊಂದು ಸದ್ದು ಮಾತ್ರ. ಮಾತು ಕಡಿಮೆ ಮಾಡಬೇಕು, ಉಳಿದ ಮಕ್ಕಳನ್ನು ಹೊರಗೆ ಕಳಿಸಬೇಕು, ಏಟಾಗದಂತೆ ನೋಡಿಕೊಂಡು ಕಾಯಬೇಕು. ಗಣಿತದ ಮಿಸ್ ಅವತ್ತು ಮಾಡಿದ್ದು ಇದನ್ನೇ. ಬೆಂಚಿನ ಪಕ್ಕ ನೆಲದ ಮೇಲೆ ಕೂತು, ಒಂದು ಮಾತೂ ಆಡದೆ, ನೋಟ್‌ಬುಕ್ ತಿದ್ದುತ್ತಿದ್ದರಂತೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಉಳಿದ ಒಂಬತ್ತು ದಿನ

ಮೊದಲ ಬೇಡಿಕೆ ಗಂಟೆಯದು. 11ಕ್ಕೆ 11 ಹೊಡೆಯಬೇಕು. ಡ್ಯಾನ್ಸ್ ಮಿಸ್ ಒಪ್ಪಲಿಲ್ಲ. "ಪ್ರಾಕ್ಟೀಸ್ ಮಧ್ಯೆ ಗಂಟೆ ಹೊಡೆದ್ರೆ ಮಕ್ಕಳೆಲ್ಲ ಬ್ಯಾಗ್ ತಗೊಂಡು ಓಡ್ತಾರೆ." ಅವರ ಮಾತಲ್ಲೂ ಅರ್ಥವಿತ್ತು. ಕೊನೆಗೆ ಗಂಟೆ ಹೊಡೆಯುವುದು, ಹಾಲ್‌ನಲ್ಲಿರುವ ಮಕ್ಕಳು ಕೂತಲ್ಲೇ ಕೂರುವುದು ಎಂದಾಯಿತು. ಮೊದಲ ದಿನ ಓಡಿದರು. ಎರಡನೇ ದಿನ ಓಡಲಿಲ್ಲ.

ಎರಡನೆಯದಕ್ಕೆ ಜಗಳವೇ ಆಯಿತು ಅನ್ನಬೇಕು. ಪೀರಿಯಡ್ ನಡುವೆ ಯಾವ ಮಗುವನ್ನೂ ಕರೆಯಬಾರದು, ಗಂಟೆ ಹೊಡೆದಾಗ ಮಾತ್ರ ಕರೆಯಬೇಕು ಎಂದೆ. "ಒಬ್ಬನಿಗೋಸ್ಕರ ಇಡೀ ಶಾಲೆ ಬದಲಿಸೋಕಾಗುತ್ತಾ?" ಎಂಬ ಮಾತು ಬಂತು. ಈ ಮಾತು ಬಂದೇ ಬರುತ್ತದೆ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಇರುವುದು ಶಿಕ್ಷಣದ ಬಗ್ಗೆ. ಇಂಥ ಪ್ರತಿ ಮಗುವಿಗೆ ಬೇಕಾದ ಸೂಕ್ತ ಹೊಂದಾಣಿಕೆ ಶಾಲೆಯಲ್ಲಿ ಸಿಗುವಂತೆ ದೇಶಗಳು ನೋಡಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಅದನ್ನು ಓದಿ ಹೇಳಿದೆ. ನಿಜ ಹೇಳಬೇಕೆಂದರೆ ಅದರಿಂದ ಯಾರೂ ಬದಲಾಗಲಿಲ್ಲ. ಬದಲಾದದ್ದು ಗಣಿತದ ಮಿಸ್ ಬಾಯಿ ಬಿಟ್ಟಾಗ. "ಎರಡು ವಾರದಿಂದ ಒಂದು ಪಾಠಾನೂ ಪೂರ್ತಿ ಮಾಡೋಕಾಗಿಲ್ಲ ನಂಗೆ. ಅವನಿಗೋಸ್ಕರ ಬೇಡ, ನನಗೋಸ್ಕರ ಮಾಡಿ," ಅಂದರು. ಎಲ್ಲರೂ ನಕ್ಕರು. ನಿಯಮ ಜಾರಿಗೆ ಬಂತು.

ಆಮೇಲೆ ಕ್ಲಾಸಿನ ಬಾಗಿಲ ಪಕ್ಕ ಒಂದು ಬೋರ್ಡು. ಅವತ್ತಿನ ಟೈಮ್‌ಟೇಬಲ್ ಕಾರ್ಡುಗಳಲ್ಲಿ. ಬದಲಾವಣೆ ಇದ್ದರೆ ಆ ಕಾರ್ಡಿಗೆ ಕೆಂಪು ಅಂಚು. ಬೆಳಗಿನ ಮೊದಲ ಗಂಟೆಗೆ ಮುಂಚೆ ಅದು ಸಿದ್ಧವಾಗಬೇಕು. ದಿನದ ಕ್ರಮವನ್ನು ಕಣ್ಣಿಗೆ ಕಾಣುವಂತೆ ಇಡುವುದು ಹೊಸ ಉಪಾಯವೇನಲ್ಲ. ಎರಿಕ್ ಶಾಪ್ಲರ್ ಎಂಬ ಮನೋವಿಜ್ಞಾನಿ 1972ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಟಿಸಂ ಇರುವವರಿಗಾಗಿ ಶುರು ಮಾಡಿದ ಟೀಚ್ (TEACCH) ಕಾರ್ಯಕ್ರಮದ ಬೆನ್ನೆಲುಬೇ ಅದು. ನಮ್ಮಲ್ಲಿ ಅದನ್ನು ಮಾಮೂಲಿ ದಿನಗಳಲ್ಲಿ ಬಳಸಿ, ಹಬ್ಬ ಬಂದಾಗ ಪಕ್ಕಕ್ಕಿಡುತ್ತಾರೆ. ಜಾಸ್ತಿ ಬೇಕಾಗುವುದು ಆವಾಗಲೇ.

ಎರಡು ಕಾರ್ಡುಗಳಿಗೆ ಎಂದೂ ಕೆಂಪು ಅಂಚು ಬರಬಾರದು ಎಂದು ತೀರ್ಮಾನಿಸಿದೆವು: ದಿನದ ಮೊದಲ ಪೀರಿಯಡ್, ಶುಕ್ರವಾರದ ಲೈಬ್ರರಿ. ಮಿಣುಕುವ ದೀಪವನ್ನು ಸ್ಥಿರವಾಗಿ ಉರಿಯುವಂತೆ ಮಾಡಿದೆವು. ಅವನ ಪಕ್ಕದ ಗೋಡೆಯ ಮಾಲೆ ಹಿಂದಿನ ಗೋಡೆಗೆ ಹೋಯಿತು. ಇದಕ್ಕೆ 5 ನಿಮಿಷವೂ ಬೇಕಾಗಲಿಲ್ಲ.

ಹೆಡ್‌ಫೋನ್ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿತ್ತು. ತಲೆ ಬಿಗಿಯುತ್ತದೆ ಎಂದು ಕಿತ್ತು ಇಟ್ಟ. ಸದ್ದಿಗಿಂತ ಆ ಬಿಗಿತ ಅವನಿಗೆ ಕಷ್ಟ. ದಿನವಿಡೀ ಅದನ್ನು ಹಾಕಿಕೊಂಡರೆ ಕಿವಿ ಸಣ್ಣ ಸದ್ದಿಗೂ ಬೆಚ್ಚುವುದು ಜಾಸ್ತಿಯಾಗಬಹುದು ಎಂದು ಶ್ರವಣ ತಜ್ಞರೂ ಎಚ್ಚರಿಸುತ್ತಾರೆ. ಹಾಗಾಗಿ ಮಗುವನ್ನು ಬಿಟ್ಟು ಸ್ಪೀಕರ್ ಕಡೆ ತಿರುಗಿದೆವು. ಪಾಠ ನಡೆಯುವ ಕೋಣೆಯಲ್ಲಿ ಹಿನ್ನೆಲೆ ಸದ್ದು 35 ಡೆಸಿಬೆಲ್ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ. ಪ್ರಾಕ್ಟೀಸ್ ವೇಳೆ ಹಾಲ್‌ನಲ್ಲಿ ಮೊಬೈಲ್ ಆ್ಯಪ್ ಹಿಡಿದರೆ 90 ತೋರಿಸುತ್ತಿತ್ತು. ಪಕ್ಕಾ ಅಳತೆ ಅಲ್ಲ ಬಿಡಿ. ಆದರೆ ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 10 ಏರಿದಾಗ ಸದ್ದಿನ ತೀವ್ರತೆ ಹತ್ತು ಪಟ್ಟಾಗುತ್ತದೆ ಎಂದು ತಿಳಿದ ಮೇಲೆ ಪಿಟಿ ಸರ್ ತಾವೇ ಹೋಗಿ ವಾಲ್ಯೂಮ್ ತಿರುಗಿಸಿದರು.

ಮಾತು ನಿಂತಾಗ ತೋರಿಸಲು ಅವನ ಜೇಬಿಗೆ ಒಂದು ನೀಲಿ ಕಾರ್ಡು ಕೊಟ್ಟೆವು. ಅದನ್ನು ತೋರಿಸಿದರೆ ಯಾರೂ ಯಾಕೆ ಎಂದು ಕೇಳುವಂತಿಲ್ಲ, ಹೊರಗೆ ಬಿಡಬೇಕು. "ಸುಮ್ನೆ ತಪ್ಪಿಸಿಕೊಳ್ಳೋಕೆ ತೋರಿಸಿದ್ರೆ?" ಎಂಬ ಅನುಮಾನ ಇತ್ತು. 9 ದಿನದಲ್ಲಿ ಮೂರು ಸಲ ತೋರಿಸಿದ.

ಸ್ಟೇಜ್ ಮೇಲೆ ಇರಬೇಕಾ?

ಇದು ನಾನು ಅಂದುಕೊಂಡದ್ದಕ್ಕಿಂತ ಕಷ್ಟದ ಮಾತುಕತೆ. ನಡೆದದ್ದು ಶಾಲೆಯವರ ಜೊತೆಯಲ್ಲ, ತಾಯಿಯ ಜೊತೆ.

"ಎಲ್ಲರ ಮಕ್ಕಳೂ ಸ್ಟೇಜ್ ಮೇಲೆ ಇರ್ತಾರೆ ಮೇಡಂ. ನಮ್ಮವನು ಮಾತ್ರ ಇರಲ್ಲ ಅಂದ್ರೆ ಅವರಜ್ಜಿ ಏನಂದ್ಕೊಳ್ತಾರೆ? ಬರೀ ಮೂರು ನಿಮಿಷ ಅಲ್ವಾ? ಹಿಂದೆ ನಿಂತ್ಕೊಂಡ್ರೂ ಸಾಕು."

ಅವರ ಆಸೆ ತಪ್ಪಲ್ಲ. ವರ್ಷವಿಡೀ ಮಗನ ಬಗ್ಗೆ ಕಷ್ಟದ ಸುದ್ದಿಯನ್ನೇ ಕೇಳುವ ತಾಯಿಗೆ ಒಂದು ಫೋಟೋ ಬೇಕು. ನಾನು ಬೇಡ ಎನ್ನಲಿಲ್ಲ. ಅವನನ್ನೇ ಕೇಳೋಣ ಎಂದೆ. ಇಬ್ಬರಿಗೂ ಆವರೆಗೆ ಅದು ಹೊಳೆದಿರಲಿಲ್ಲ ಎಂಬುದು ನಾಚಿಕೆಯ ಸಂಗತಿ.

ಬಾಯಿಂದ ಕೇಳಿದರೆ ಅವನು "ಹೂಂ" ಎನ್ನುತ್ತಾನೆ, ಪ್ರಶ್ನೆ ಮುಗಿಯಲಿ ಎಂದು. ಹಾಗಾಗಿ ನಾಲ್ಕು ಚಿತ್ರ ಬರೆದೆ. ಸ್ಟೇಜ್ ಮೇಲೆ, ಸ್ಟೇಜ್ ಹಿಂದೆ, ಹಾಲ್‌ನ ಹಿಂಬಾಗಿಲು, ಮನೆ. ಅವನು ಹಿಂಬಾಗಿಲಿನ ಚಿತ್ರ ತೆಗೆದುಕೊಂಡ. ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಗಡಿಯಾರ ಬರೆದ. "ಯಾವ ಐಟಂ ಎಷ್ಟು ಗಂಟೆಗೆ?" ಎಂದು ಕೇಳಿದ.

ಇಂಥ ಮಕ್ಕಳಿಗೆ ಪರದೆ ಎಳೆಯುವ ಕೆಲಸವನ್ನೋ, ಹೂಗುಚ್ಛ ಹಿಡಿದು ನಿಲ್ಲುವ ಕೆಲಸವನ್ನೋ ಕೊಟ್ಟು, ಸೇರಿಸಿಕೊಂಡೆವು ಎಂದು ತೃಪ್ತಿಪಡುವ ಅಭ್ಯಾಸ ನಮ್ಮಲ್ಲಿದೆ. ನನಗೆ ಅದು ಹಿಡಿಸುವುದಿಲ್ಲ. ಮಗುವಿಗೆ ಅದು ಬೇಕಿತ್ತಾ ಎಂದು ಯಾರೂ ಕೇಳಿರುವುದಿಲ್ಲ. ಇಲ್ಲಿ ಕೆಲಸ ಅವನೇ ಹುಡುಕಿಕೊಂಡ. 12 ಐಟಂಗಳ ಪಟ್ಟಿ, ಶುರುವಾಗಬೇಕಾದ ಸಮಯ, ನಿಜವಾಗಿ ಶುರುವಾದ ಸಮಯ. ನಿರೂಪಣೆ ಮಾಡುವ ಮಿಸ್‌ಗೂ ಅದು ಬೇಕಿತ್ತು.

ಅವನಿಗಾಗಿ ಒಂದು ಪುಟ್ಟ ಕಥೆಯನ್ನೂ ಬರೆದೆವು. ಕ್ಯಾರಲ್ ಗ್ರೇ ಎಂಬ ಶಿಕ್ಷಕಿ 1990ರ ದಶಕದ ಆರಂಭದಲ್ಲಿ ರೂಪಿಸಿದ ಸೋಷಿಯಲ್ ಸ್ಟೋರಿಯ ಮಾದರಿಯದು. ಹೀಗಿರು, ಹಾಗಿರು ಎನ್ನುವುದಕ್ಕಿಂತ ಏನು ನಡೆಯುತ್ತದೆ ಎಂದು ತಿಳಿಸುವ ಸಾಲುಗಳು ಅದರಲ್ಲಿ ಜಾಸ್ತಿ ಇರಬೇಕು. "ಗುರುವಾರ ಹಾಲ್‌ನಲ್ಲಿ ತುಂಬ ಜನ ಇರುತ್ತಾರೆ. ಹಾಡು ಮುಗಿದಾಗ ಅವರು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ." ಅವನು 'ಸ್ವಲ್ಪ ಹೊತ್ತು' ಎಂಬುದನ್ನು ಹೊಡೆದುಹಾಕಿ '10 ಸೆಕೆಂಡ್' ಎಂದು ಬರೆದ.

ಬೋರ್ಡಿನ ಮುಂದೆ ನಿಂತವಳು

ಬೋರ್ಡು ಹಾಕಿದ ಮೂರನೇ ದಿನ ಗಮನಿಸಿದೆ. ಪ್ರತಿ ಬೆಳಗ್ಗೆ ಅದರ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುವುದು ನಮ್ಮ ಹುಡುಗ ಅಲ್ಲ. ಅದೇ ಕ್ಲಾಸಿನ ಒಬ್ಬ ಹುಡುಗಿ. ಡ್ಯಾನ್ಸಿನಲ್ಲಿ ಮುಂದಿನ ಸಾಲು. ಯಾವ ದೂರೂ ಇಲ್ಲ. ಸಂಜೆ ಅವಳ ತಂದೆಯ ಜೊತೆ ಮಾತಾಡಿದೆ. ಮನೆಯಲ್ಲಿ ದಿನಾ ರಾತ್ರಿ ಅಳುತ್ತಾಳಂತೆ. ಉಗುರಿನ ಸುತ್ತ ಚರ್ಮ ಕಿತ್ತುಕೊಂಡು ರಕ್ತ ಬರಿಸಿಕೊಂಡಿದ್ದಾಳೆ. "ಸ್ಕೂಲಲ್ಲಿ ಚೆನ್ನಾಗಿರ್ತಾಳೆ ಅಂತ ನೀವೇ ಹೇಳ್ತೀರಲ್ಲ," ಅಂದರು.

ಕಷ್ಟವನ್ನು ಹೊರಗೆ ತೋರಿಸದೆ ಉಳಿದವರ ಹಾಗೇ ನಡೆದುಕೊಳ್ಳುವುದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಹೆಣ್ಣುಮಕ್ಕಳಲ್ಲಿ ಆಟಿಸಂ ತಡವಾಗಿ ಗೊತ್ತಾಗಲು ಅದೂ ಒಂದು ಕಾರಣ. ಈ ಹುಡುಗಿಗೆ ಯಾವ ಹೆಸರೂ ಹಚ್ಚಲು ನಾನು ಹೋಗುವುದಿಲ್ಲ, ಅದು ತಜ್ಞರ ಕೆಲಸ. ಮಧ್ಯಾಹ್ನದ ಪ್ರಾಕ್ಟೀಸ್ ಬಿಡಬಹುದು ಎಂದೆವು. ಒಪ್ಪಿಕೊಂಡಳು. ಡ್ಯಾನ್ಸ್ ಬಿಡಲಿಲ್ಲ, ಅದು ಅವಳಿಗೆ ಇಷ್ಟ.

ಎಡಿಎಚ್‌ಡಿ ಇದ್ದ ಇನ್ನೊಬ್ಬನ ಕಷ್ಟ ತಿರುಗುಮುರುಗು. ಅವನಿಗೆ ಗದ್ದಲ ಖುಷಿ. 4 ನಿಮಿಷದ ಹಾಡಿಗಾಗಿ 50 ನಿಮಿಷ ಕೂತು ಕಾಯುವುದು ಆಗದು. ಅವನ ಸರದಿಗೆ 5 ನಿಮಿಷ ಮುಂಚೆ ಕರೆದರೆ ಸಾಕಾಗಿತ್ತು.

ಗುರುವಾರ, ಮತ್ತು ಆಮೇಲೆ

ಹಿಂದಿನ ದಿನ ಖಾಲಿ ಹಾಲ್‌ನಲ್ಲಿ ಅವನನ್ನು ಒಂದು ಸುತ್ತು ತಿರುಗಿಸಿದೆ. ಗುರುವಾರ ಹಿಂಬಾಗಿಲ ಹತ್ತಿರ ಕುರ್ಚಿ, ಕೈಯಲ್ಲಿ ಪಟ್ಟಿ. ಅಜ್ಜಿ ಪಕ್ಕದಲ್ಲೇ ಕೂತರು. ಐದನೇ ಐಟಂ ವೇಳೆ ಬಲೂನು ಒಡೆಯಿತು. ನೀಲಿ ಕಾರ್ಡು ತೋರಿಸಿ ಹೊರಟುಹೋದ. 15 ನಿಮಿಷದ ಮೇಲೆ ವಾಪಸ್ ಬಂದ. ಬಂದವನೇ ಅಜ್ಜಿಯನ್ನು, ತಪ್ಪಿಹೋದ ಐಟಂ ಎಷ್ಟು ಗಂಟೆಗೆ ಶುರುವಾಯಿತು ಎಂದು ಕೇಳಿದ. ಅವರು ಗಡಿಯಾರ ನೋಡಿರಲಿಲ್ಲ. ಆ ಮನೆ ಖಾಲಿ ಉಳಿಯಿತು. ಅದೊಂದೇ ಬೇಸರ ಅವನಿಗೆ. ಅತಿಥಿಗಳ ಭಾಷಣದ ಮುಂದೆ "5 ನಿಮಿಷ ಅಂದಿದ್ದು, 17" ಎಂದು ಬರೆದಿದ್ದ. ಸ್ಟಾಫ್ ರೂಮಿನಲ್ಲಿ ಆ ಹಾಳೆ ಎಲ್ಲರ ಕೈ ದಾಟಿತು. ತಾಯಿ ತೆಗೆದ ಫೋಟೋದಲ್ಲಿ ಅವನು ತಲೆ ಬಗ್ಗಿಸಿ ಬರೆಯುತ್ತಿದ್ದಾನೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ರಜೆ ಮುಗಿದ ಮೊದಲ ದಿನ ಅವನು ಕ್ಲಾಸಿನ ಬಾಗಿಲಲ್ಲಿ ನಿಂತವನು ಒಳಗೆ ಕಾಲಿಡಲಿಲ್ಲ. ಮಾಲೆ, ದೀಪ ಎಲ್ಲ ತೆಗೆದಿದ್ದರು. ಗೋಡೆ ಬೋಳಾಗಿತ್ತು. ಗುಡಿಸುವಾಗ ಬೆಂಚುಗಳ ಸಾಲು ಬದಲಾಗಿತ್ತು. ಹಬ್ಬ ಮುಗೀತಲ್ಲ ಎಂದು ಬೋರ್ಡನ್ನೂ ಯಾರೋ ಇಳಿಸಿದ್ದರು. ಹಬ್ಬ ಬರುವುದಕ್ಕೆ ಕಥೆ ಬರೆದಿದ್ದೆ, ಹೋಗುವುದಕ್ಕೆ ಬರೆದಿರಲಿಲ್ಲ. ಶಾಲೆ ತೆರೆಯುವ ಹಿಂದಿನ ದಿನ ಕ್ಲಾಸಿನ ಒಂದು ಫೋಟೋ ತೆಗೆದು ಮನೆಗೆ ಕಳಿಸಿದ್ದರೆ ಸಾಕಿತ್ತು. ನನ್ನ ತಲೆಗೇ ಬರಲಿಲ್ಲ.

ಅವನ ಕೈ ಆಗಲೇ ಬಾಯಿಯ ಹತ್ತಿರ ಹೋಗಿತ್ತು. ಗಣಿತದ ಮಿಸ್ ಅವನ ಬೆಂಚನ್ನು ಹಳೆಯ ಜಾಗಕ್ಕೆ ಎಳೆದರು. ಏನೂ ಹೇಳಲಿಲ್ಲ. ಪಾಠ ಶುರು ಮಾಡಿದರು. ಅರ್ಧ ಗಂಟೆ ಅವನು ಹೊಸ್ತಿಲ ಮೇಲೆಯೇ ಇದ್ದ. ಆಮೇಲೆ ಗಂಟೆ ಹೊಡೆಯಿತು. ವಾಚು ನೋಡಿಕೊಂಡ.

"ಒಂದು ನಿಮಿಷ ಲೇಟು," ಅಂದ. ಒಳಗೆ ಬಂದು ಕೂತು, ರಫ್ ನೋಟ್‌ಬುಕ್ ತೆಗೆದ.

ಬೋರ್ಡನ್ನು ಮಧ್ಯಾಹ್ನ ಮತ್ತೆ ಅದೇ ಮೊಳೆಗೆ ನೇತುಹಾಕಿದೆವು.